ಕಚ್ಚಿದ ಅಲಗು

ಸೆಪ್ಟೆಂಬರ್ 4, ಗುರುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು ಬೀಳುತ್ತಿವೆ. ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡೆ. ಮೊಣಕೈವರೆಗೂ ಪ್ಲಾಸ್ಟರ್. ಡಾಕ್ಟರು 'ವಿಶ್ರಾಂತಿ' ಅಂದರು. ಆ ಒಂದು ಪದಕ್ಕೆ ಅಷ್ಟು ವರ್ಷ ಓದಬೇಕಿತ್ತೇ?

ಸಾಕು. ಬೆರಳು ನೋಯುತ್ತಿದೆ.

ಸೆಪ್ಟೆಂಬರ್ 5, ಶುಕ್ರವಾರ

ನಾದಿನಿ ನೋಡಲು ಬಂದಿದ್ದಳು. "ಇನ್ನಾದ್ರೂ ಆ ಕಬ್ಬಿಣದ ಸಹವಾಸ ಬಿಡಿ ಅತ್ತಿಗೆ" ಅಂದಳು. ಬಚ್ಚಲಲ್ಲಿ ಬಿದ್ದದ್ದಕ್ಕೂ ಕಬ್ಬಿಣಕ್ಕೂ ಏನು ಸಂಬಂಧ ಎಂದು ಕೇಳಿದೆ. ಮುಖ ಊದಿಸಿಕೊಂಡು ಹೋದಳು. ಒಳ್ಳೆಯದಾಯಿತು.

ಸೆಪ್ಟೆಂಬರ್ 8, ಸೋಮವಾರ

ಮುಂದಿನ ಕೋಣೆಯ ಮೇಜಿನ ಮೇಲೆ ಅಲಗುಗಳು ರಾಶಿ ಬಿದ್ದಿವೆ. ಈ ಊರಿನ ಕ್ಷೌರದಂಗಡಿಗಳ ಕೂದಲು ಕತ್ತರಿಸುವ ಕ್ಲಿಪ್ಪರ್‌ಗಳಿಗೆಲ್ಲ ಸಾಣೆ ಹಿಡಿಯುವವಳು ನಾನೊಬ್ಬಳೇ. ಮಾವನವರಿಂದ ಕಲಿತದ್ದು. ಅವರು ಹೋದ ಮೇಲೆ ಸಾಣೆ ಮೆಷಿನ್ನೂ ನನಗೆ ಬಂತು, ಗಿರಾಕಿಗಳೂ ನನಗೆ ಬಂದರು, ಅವರ ಮಗನೂ ನನಗೇ ಉಳಿದರು. ಮೊದಲೆರಡರ ಬಗ್ಗೆ ನನ್ನ ದೂರಿಲ್ಲ.

ಬಂದವರೆಲ್ಲ ಪ್ಲಾಸ್ಟರ್ ನೋಡಿ "ಅಯ್ಯೋ ಪಾಪ" ಅನ್ನುತ್ತಾರೆ, ಅದೇ ಉಸಿರಿನಲ್ಲಿ "ನಂದು ಯಾವಾಗ ಸಿಗುತ್ತೆ?" ಅನ್ನುತ್ತಾರೆ. ತಂದ ಅಲಗುಗಳ ಅವಸ್ಥೆಯನ್ನು ದೇವರೇ ನೋಡಬೇಕು. ಹಲ್ಲುಗಳ ಸಂದಿಯಲ್ಲಿ ಹಳೆಯ ಕೂದಲು, ಪೌಡರು, ಬೆವರು ಎಲ್ಲ ಸೇರಿ ಗಾರೆಯ ಹಾಗೆ ಗಟ್ಟಿಯಾಗಿರುತ್ತದೆ. ಕ್ಲಿಪ್ಪರ್ ಕೊಳ್ಳುವಾಗ ಜೊತೆಗೊಂದು ಪುಟ್ಟ ಎಣ್ಣೆ ಬಾಟಲಿ ಕೊಡುತ್ತಾರಲ್ಲ, ಅದನ್ನು ಇವರೆಲ್ಲ ಬಹಳ ಜೋಪಾನವಾಗಿ ಇಟ್ಟಿರುತ್ತಾರೆ, ಮುಚ್ಚಳದ ಸೀಲು ಕೂಡ ಒಡೆಯದ ಹಾಗೆ. ಇಡೀ ಊರಲ್ಲಿ ಅಲಗನ್ನು ಶುಚಿ ಮಾಡಿ ತರುವವಳು ನಾಯಿಗಳ ಕೂದಲು ಕತ್ತರಿಸುವ ನಾಯಿ ಮೇಡಂ ಒಬ್ಬಳೇ. ನಾಯಿಗೆ ಸಿಗುವ ಮರ್ಯಾದೆ ಈ ಊರಿನ ಗಂಡಸರ ತಲೆಗಿಲ್ಲ.

ಸಂಜೆ ಗಡ್ಡದವನು ಬಂದಿದ್ದ. ಮಾರ್ಕೆಟ್ ಮೂಲೆಯ ದೊಡ್ಡ ಅಂಗಡಿ ಅವನದು. ಊರಿಗೆಲ್ಲ ಗಡ್ಡ ತೆಗೆಯುವವನು ತನ್ನದನ್ನು ಮಾತ್ರ ಎದೆಯವರೆಗೆ ಬಿಟ್ಟಿದ್ದಾನೆ. ತನ್ನ ಕೈಯ ಮೇಲೆ ಅವನಿಗೇ ನಂಬಿಕೆ ಇಲ್ಲವೋ ಏನೋ.

"ಹೊಸ ಬ್ಲೇಡೇ ತಗೊಂಡ್ಬಿಡೋಣ ಅಂತಿದ್ದೀನಿ ಅಕ್ಕ. ಈಗೆಲ್ಲಾ ಹಾಗೇ, ಮೊಂಡಾದ್ರೆ ಎಸೆದು ಬೇರೆ ಹಾಕ್ತಾರೆ."

"ಎಸಿ. ಜೊತೆಗೆ ಮೆಷಿನ್ನೂ ಎಸಿ" ಅಂದೆ.

ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಎಸೆಯುವ ರುಚಿ ಒಮ್ಮೆ ಹತ್ತಿದರೆ ಇವರಲ್ಲಿ ಒಬ್ಬನೂ ಈ ಬಾಗಿಲಿಗೆ ವಾಪಸು ಬರುವುದಿಲ್ಲ. ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ನನ್ನ ಮೇಜಿನ ಮೇಲೆ ಧೂಳು ಮಾತ್ರ ಇರುತ್ತದೆ.

ಸೆಪ್ಟೆಂಬರ್ 9, ಮಂಗಳವಾರ

ನಮ್ಮ ಮನೆಯ ಮಹಾಶಯರು ಇವತ್ತು ಪೇಪರು ಮಡಿಸಿಟ್ಟು ಒಂದು ಮಾತು ಹೇಳಿದರು.

"ನಾನು ಮಾಡ್ಲಾ?"

"ಏನನ್ನ?"

"ಅದೇ, ಸಾಣೆ. ನೀನು ಪಕ್ಕದಲ್ಲಿ ಕೂತು ಹೇಳು, ನಾನು ಹೇಳ್ದಂಗೆ ಮಾಡ್ತೀನಿ."

ನಕ್ಕೆ. ನಕ್ಕರೆ ಮಣಿಕಟ್ಟು ನೋಯುತ್ತದೆ ಎಂದು ಗೊತ್ತಾಯಿತು, ಆದರೂ ನಕ್ಕೆ. ಕರೆಂಟ್ ಮೀಟರ್ ಓದುತ್ತ ಮನೆ ಮನೆ ಸುತ್ತಿ ನಿವೃತ್ತರಾದ ಮನುಷ್ಯ. ದಿನದಲ್ಲಿ ಮೂರು ಸಲ ಕನ್ನಡಿಯ ಮುಂದೆ ನಿಂತು ತಲೆ ಬಾಚುವುದು ಬಿಟ್ಟರೆ ಇವರ ಕೈ ಯಾವ ಕೆಲಸಕ್ಕೂ ಬಗ್ಗಿದ್ದನ್ನು ನಾನು ಕಂಡಿಲ್ಲ. ಈ ವಯಸ್ಸಿಗೂ ತಲೆತುಂಬ ಕೂದಲಿದೆ, ಕಪ್ಪು ಬಣ್ಣ ಬೇರೆ. ಮಾವನವರು ಇವರ ಬಗ್ಗೆ ಯಾವಾಗಲೂ ಒಂದು ಮಾತು ಹೇಳುತ್ತಿದ್ದರು: "ಇವನ ಕೈಗೆ ಕಬ್ಬಿಣ ಕೊಟ್ರೆ ಕಬ್ಬಿಣವೇ ಅಳುತ್ತೆ." ಅದನ್ನೇ ಇವತ್ತು ಹೇಳಿದೆ. ಅವರೂ ನಕ್ಕರು. ನಗುವುದರಲ್ಲಿ ಮಾತ್ರ ಎತ್ತಿದ ಕೈ.

ಸೆಪ್ಟೆಂಬರ್ 10, ಬುಧವಾರ

ಬೇರೆ ದಾರಿ ಇರಲಿಲ್ಲ, ಕೂರಿಸಿದೆ.

ತಿರುಗುವ ತಟ್ಟೆಯ ಮೇಲೆ ಎಣ್ಣೆ ಬಳಿದು ಸಾಣೆಪುಡಿ ಉದುರಿಸಬೇಕು, ಅಲಗನ್ನು ಅಯಸ್ಕಾಂತದ ಹಿಡಿಗೆ ಅಂಟಿಸಿ ತಟ್ಟೆಗೆ ಒತ್ತಬೇಕು. ಇಷ್ಟೇ ಕೆಲಸ. ನೋಡುವವರಿಗೆ ಇಷ್ಟೇ. ಮಹಾಶಯರು ಪುಡಿಯನ್ನು ಕೋಳಿಗೆ ಕಾಳು ಹಾಕಿದ ಹಾಗೆ ಎರಚಿದರು. ಒತ್ತಿದ ರಭಸಕ್ಕೆ ಅಲಗು ಹಿಡಿಯಿಂದ ಕಿತ್ತು ಹಾರಿ ಗೋಡೆಗೆ ಬಡಿದು ಎರಡು ಹಲ್ಲು ಮುರಿಯಿತು.

"ನಿಮ್ಮ ಹಲ್ಲು ಹೋಗಬೇಕಿತ್ತು" ಅಂದೆ.

"ಹೋಗೋಕೆ ಇನ್ನೇನು ಜಾಸ್ತಿ ಉಳಿದಿಲ್ಲ ಬಿಡು" ಅಂದರು.

ಮಾವನವರು ಹೇಳಿದ್ದು ಸುಳ್ಳಲ್ಲ.

ಸೆಪ್ಟೆಂಬರ್ 15, ಸೋಮವಾರ

ಹೇಳಿದ್ದನ್ನೇ ಹೇಳಿ ಹೇಳಿ ಗಂಟಲು ಕಟ್ಟಿದೆ. ಕೆಳಗಿನ ಅಲಗು ಅಲುಗಾಡುವುದಿಲ್ಲ, ಅದು ಬಾಚಣಿಗೆಯ ಹಾಗೆ ಕೂದಲನ್ನು ಹಿಡಿದು ನಿಲ್ಲಿಸುತ್ತದೆ. ಮೇಲಿನದು ಅದರ ಮೇಲೆ ಓಡಾಡಿ ಕತ್ತರಿಸುತ್ತದೆ. ಎರಡೂ ಒಂದಕ್ಕೊಂದು ತಾಗಿಕೊಂಡೇ ಇರಬೇಕು, ಎಲ್ಲಿಯೂ ಬೆಳಕು ನುಸುಳಬಾರದು. ಇದನ್ನು ಒಂದು ಮಗುವಿಗೆ ಹೇಳಿದ್ದರೂ ಇಷ್ಟು ಹೊತ್ತಿಗೆ ತಲೆಗೆ ಹೋಗುತ್ತಿತ್ತು. ಇವರು "ಇನ್ನೊಂದ್ಸಲ ಹೇಳು" ಅನ್ನುತ್ತಾರೆ, ನಾಚಿಕೆ ಕೂಡ ಇಲ್ಲ.

ಮಧ್ಯಾಹ್ನ ಒಂದು ಅಲಗು ಹರಿತ ನೋಡಲು ಇಟ್ಟಿರುವ ಉಣ್ಣೆಯನ್ನು ಕತ್ತರಿಸಿತು. ಚೆನ್ನಾಗಿ ಅಲ್ಲ. ಹರಿದ ಹಾಗೆ. ಮಹಾಶಯರು ಆ ಉಣ್ಣೆಯ ಎಳೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪ್ರಶಸ್ತಿ ಬಂದವರ ಹಾಗೆ. "ಇದನ್ನ ಗಿರಾಕಿ ತಲೆ ಮೇಲೆ ಓಡಿಸಿದ್ರೆ ಒದ್ದು ಹೋಗ್ತಾನೆ" ಅಂದೆ. ಹೌದು ಅಂದುಕೊಂಡು ಮತ್ತೆ ಬಿಚ್ಚಿದರು.

ಸೆಪ್ಟೆಂಬರ್ 18, ಗುರುವಾರ

ನಾಯಿ ಮೇಡಂಗೆ ಅವಳ ಅಲಗು ಕೊಟ್ಟೆವು. ಪರವಾಗಿಲ್ಲ ಅಂದಳಂತೆ. ನಾಯಿ ಏನೂ ಅನ್ನಲಿಲ್ಲವಂತೆ. ಹೊಗಳಿಕೆಗೆ ಇಷ್ಟು ಸಾಕು.

ಇನ್ನೊಂದು ಪೀಡೆ ಶುರುವಾಗಿದೆ. ಬಂದವರನ್ನೆಲ್ಲ ಮಹಾಶಯರು ಕೂರಿಸಿ ಮಾತಾಡಿಸುತ್ತಾರೆ. ನಾನು ಮಾವನವರ ಕಾಲದಿಂದಲೂ ಕಿಟಕಿಯಲ್ಲಿ ಅಲಗು ತೆಗೆದುಕೊಂಡು ಕಿಟಕಿಯಲ್ಲೇ ವಾಪಸು ಕೊಟ್ಟವಳು. ಈಗ ಮುಂದಿನ ಕೋಣೆ ಬಸ್ ಸ್ಟ್ಯಾಂಡ್ ಆಗಿದೆ. ಬ್ರಿಜ್ ಪಕ್ಕದ ಮುದಿ ಕ್ಷೌರಿಕ ಇವರ ಹತ್ತಿರ ಟೀ ಕುಡಿಯುತ್ತ ತಾನಾಗಿಯೇ ಬಾಯಿ ಬಿಟ್ಟ: ರಾತ್ರಿ ಮೆಷಿನ್ ಅನ್ನು ಅಲಗಿನ ಸಮೇತ ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಾನಂತೆ! ಅವನ ಅಲಗು ತುಕ್ಕು ಹಿಡಿಯುವುದು ಯಾಕೆ ಎಂದು ನಾನು ಎಷ್ಟು ವರ್ಷದಿಂದ ಬೈಯುತ್ತಿದ್ದೇನೆ, ಬೈದದ್ದಕ್ಕೆ ಒಂದು ದಿನವೂ ಉತ್ತರ ಕೊಟ್ಟವನಲ್ಲ. ಇವರು ಬೈಯಲೂ ಇಲ್ಲ. "ನಾನೂ ಹೊಸದ್ರಲ್ಲಿ ಹಂಗೇ ಅಂದ್ಕೊಂಡಿದ್ದೆ" ಅಂದು ಎಣ್ಣೆ ಬಾಟಲಿ ಬಿಚ್ಚಿ ತೋರಿಸಿದರು. ಹೊಸದರಲ್ಲಂತೆ. ಹೋದ ವಾರ!

ಸೆಪ್ಟೆಂಬರ್ 24, ಬುಧವಾರ

ಕೈ ಸ್ವಲ್ಪ ಪಳಗಿದೆ. ನನ್ನ ಎಡಗೈ ಬರೆಯುವುದಕ್ಕೆ, ಅವರ ಬಲಗೈ ತಟ್ಟೆಗೆ. ತಟ್ಟೆಯಿಂದ ತೆಗೆದ ಅಲಗಿನ ಮೇಲೆ ಗೀರುಗಳು ಒಂದೇ ದಿಕ್ಕಿಗೆ, ಒಂದೇ ಸಮನೆ ಬಿದ್ದಿರಬೇಕು. ಭೂತಗನ್ನಡಿಯಲ್ಲಿ ನೋಡಿ ಅವರೇ "ಈ ಮೂಲೆ ತಾಗಿಲ್ಲ" ಎಂದು ನನಗಿಂತ ಮೊದಲು ಹೇಳಿದರು. ಮೀಟರ್‌ನ ಸಣ್ಣ ಅಂಕಿಗಳನ್ನು ಕತ್ತಲ ಮೂಲೆಗಳಲ್ಲಿ ಓದಿ ಓದಿ ಬಂದ ಕಣ್ಣು. ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ.

ಕೆಲಸದ ಮಧ್ಯೆ, ತಟ್ಟೆ ನಿಲ್ಲಿಸದೆಯೇ ಹೇಳಿದರು: "ಅಪ್ಪ ನನ್ನನ್ನ ಈ ಕೋಣೆಯಿಂದ ಓಡಿಸಿದ್ದು ಗೊತ್ತಾ ನಿಂಗೆ?"

"ಏನೋ ಹಾಳು ಮಾಡಿರ್ತೀರಿ."

"ಒಂದು ಬ್ಲೇಡು. ಆಗ ನಂಗೆ ಮೀಸೆ ಕೂಡ ಬಂದಿರಲಿಲ್ಲ. ಗಿರಾಕಿಗಳೆಲ್ಲಾ ನಿಂತಿದ್ರು. ಇವನ ಕೈಗೆ ಕಬ್ಬಿಣ ಕೊಟ್ರೆ ಕಬ್ಬಿಣವೇ ಅಳುತ್ತೆ ಅಂದ್ರು. ಎಲ್ಲಾ ನಕ್ರು. ಆಮೇಲೆ ನಾನು ಇರೋವಾಗೆಲ್ಲಾ ಬಾಗಿಲು ಮುಚ್ಕೊಂಡೇ ಕೆಲಸ ಮಾಡೋರು. ನೀನು ಸೊಸೆಯಾಗಿ ಬಂದ್ಮೇಲೆ ಬಾಗಿಲು ತೆಗೆದ್ರು."

ಇಷ್ಟು ಹೇಳಿ ಅಲಗು ತಿರುಗಿಸಿ ಒತ್ತಿದರು. ಆ ಮಾತನ್ನು ನಾನೂ ಮದುವೆ ಮನೆಗಳಲ್ಲಿ, ನೆಂಟರ ಮುಂದೆ ಬೇಕಾದಷ್ಟು ಸಲ ಹೇಳಿದ್ದೇನೆ. ಅದು ತಮಾಷೆ. ಇವರೂ ನಗುತ್ತಿದ್ದರಲ್ಲ.

ಮಾವನವರು ದೊಡ್ಡ ಕೆಲಸಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಅಲಗು ಹಾಳಾದರೆ ಏನು ಮುಳುಗಿಹೋಗುತ್ತಿತ್ತು? ನನ್ನ ಕೈಯಲ್ಲಿ ಎಷ್ಟು ಹಾಳಾಗಿದ್ದವು!

ಸೆಪ್ಟೆಂಬರ್ 27, ಶನಿವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಮಧ್ಯಾಹ್ನ ಗಡ್ಡದವನು ಕುರ್ಚಿಯಲ್ಲಿ ಕೂತ ಗಿರಾಕಿಗಳನ್ನು ಬಿಟ್ಟು ಓಡಿ ಬಂದ. ಕೈಯಲ್ಲಿ ಕ್ಲಿಪ್ಪರ್. ನಿನ್ನೆ ನಾವು ಸಾಣೆ ಹಿಡಿದು ಕೊಟ್ಟದ್ದು. ಅವನ ಖಾಯಂ ಗಿರಾಕಿ, ಎದುರು ಬೀದಿಯ ದರ್ಜಿ, ಅವನ ಕತ್ತಿನ ಹಿಂದೆ ಅಲಗು ಕಚ್ಚಿದೆ. ರಕ್ತ ಕಾಲರಿಗೆ ಇಳಿದಿದೆ.

"ಯಾರು ಕೂರಿಸಿದ್ದು ಈ ಬ್ಲೇಡು?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

ನೋಡಿದೆ. ಹರಿತದಲ್ಲಿ ಏನೂ ತಪ್ಪಿಲ್ಲ. ಸಾಣೆ ಹಿಡಿದ ಮೇಲೆ ಅಲಗುಗಳನ್ನು ಮತ್ತೆ ಕೂರಿಸುವಾಗ ಮೇಲಿನದು ಕೆಳಗಿನದರ ತುದಿಗಿಂತ ಒಂದು ಕೂದಲೆಳೆಯಷ್ಟಾದರೂ ಹಿಂದೆ ಇರಬೇಕು. ಇಲ್ಲದಿದ್ದರೆ ಅದು ಕೂದಲಿನ ಜೊತೆ ಚರ್ಮವನ್ನೂ ಹಿಡಿಯುತ್ತದೆ. ಇಲ್ಲಿ ಎರಡರ ತುದಿಯೂ ಸಮ ನಿಂತಿತ್ತು. ಮಹಾಶಯರ ಕೈವಾಡ. ನಿನ್ನೆ ಯಾರ ಜೊತೆಗೋ ಮಾತಾಡುತ್ತ ತಿರುಪು ಬಿಗಿದಿದ್ದರು. ನಾನು ಒಳಗೆ ಹೋಗಿದ್ದೆ.

ಇವರ ಕಡೆ ನೋಡಿದೆ. ಮುಖ ಬಿಳಿಚಿಕೊಂಡಿತ್ತು. ಗಡ್ಡದವನ ಹಿಂದೆ ಆಗಲೇ ನಾಲ್ಕು ಜನ ಇಣುಕುತ್ತಿದ್ದರು. ಇವರು ಏನೋ ಹೇಳಲು ಬಾಯಿ ತೆರೆದರು.

"ನಾನು ಕೂರಿಸಿದ್ದು" ಅಂದೆ.

ಗಡ್ಡದವನು ನನ್ನ ಪ್ಲಾಸ್ಟರ್ ನೋಡಿದ. "ಒಂದೇ ಕೈಯಲ್ಲಾ?"

"ಹೌದು. ಅದಕ್ಕೇ ತಪ್ಪಿದ್ದು."

"ನಿಮ್ಮ ಕೈಯಿಂದ ಒಂದು ದಿನಾನೂ ಯಾರಿಗೂ ಗಾಯ ಆಗಿಲ್ಲ ಅಂತ ನಾನು ಊರೆಲ್ಲಾ ಹೇಳ್ಕೊಂಡು ಬಂದಿದ್ದೆ ಅಕ್ಕ."

"ಇವತ್ತು ಆಯ್ತಲ್ಲ. ಅದನ್ನೂ ಹೇಳ್ಕೊಂಡು ಬಾ."

ಮೇಜಿನ ಮೇಲಿದ್ದ ತನ್ನ ಅಲಗುಗಳನ್ನೆಲ್ಲ ಜೇಬಿಗೆ ತುಂಬಿಕೊಂಡ. ಹೊಸ್ತಿಲ ಹತ್ತಿರ ನಿಂತು, "ವಯಸ್ಸಾಯ್ತು ಅಕ್ಕ, ಸಾಕು ಮಾಡಿ" ಅಂದು ಹೋದ.

ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನೇ ಕೇಳಿಕೊಂಡೆ. ಕಾರಣ ಸರಳ. ಮೀಟರ್ ಓದುವವನ ಕೈಗೆ ಅಲಗು ಕೊಟ್ಟಳು ಎಂದು ಊರು ಆಡಿಕೊಳ್ಳುವುದಕ್ಕಿಂತ ಇದೇ ವಾಸಿ. ವ್ಯವಹಾರದ ಮಾತು. ಬೇರೆ ಏನೂ ಇಲ್ಲ.

ಅವರಿಗೆ ಬೈಯಬೇಕೆಂದಿದ್ದೆ. ಪ್ಲಾಸ್ಟರ್ ಒಳಗೆ ತುರಿಸುತ್ತಿತ್ತು, ಬೈಯುವುದು ಮರೆತುಹೋಯಿತು.

ಸೆಪ್ಟೆಂಬರ್ 28, ಭಾನುವಾರ

ಯಾರೂ ಬರಲಿಲ್ಲ. ಬ್ರಿಜ್ ಪಕ್ಕದ ಮುದುಕ ಕಿಟಕಿಯಿಂದಲೇ ತನ್ನದನ್ನು ವಾಪಸು ಕೇಳಿಕೊಂಡು ಹೋದ. ಟೀ ಕುಡಿಯಲು ಮಾತ್ರ ಇವರೆಲ್ಲ ಒಳಗೆ ಬರುವವರು.

ಇವರು ಇಡೀ ದಿನ ಹಳೆಯ ಅಲಗೊಂದನ್ನು ಬಿಚ್ಚುವುದು, ಕೂರಿಸುವುದು, ಮತ್ತೆ ಬಿಚ್ಚುವುದು. ಊಟಕ್ಕೆ ಕರೆದರೆ "ನೀನು ಮಾಡು" ಅಂದರು. ತಲೆ ಕೂಡ ಬಾಚಿಕೊಂಡಿಲ್ಲ.

ಸೆಪ್ಟೆಂಬರ್ 29, ಸೋಮವಾರ

ಬೆಳಿಗ್ಗೆ ಹೇಳದೆ ಕೇಳದೆ ಹೊರಗೆ ಹೋದವರು ಮಧ್ಯಾಹ್ನ ಬಂದರು. ಬಾಗಿಲಲ್ಲಿ ನಿಂತವರು ಯಾರು ಎಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಲೆಯ ಮೇಲೆ ಕೂದಲಿಲ್ಲ! ಬುಡಕ್ಕೆ ಓಡಿಸಿದ್ದಾರೆ. ಬಣ್ಣದ ಕಪ್ಪೆಲ್ಲ ಹೋಗಿ ಬೂದು ಚುಕ್ಕೆಗಳು ಮಾತ್ರ ಉಳಿದಿವೆ. ಕಿವಿಗಳು ಇಷ್ಟು ದೊಡ್ಡವು ಎಂದು ಇಷ್ಟು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಪುಣ್ಯಕ್ಕೆ ಮದುವೆಯ ದಿನ ಮುಚ್ಚಿದ್ದವು.

"ಏನಿದು ಅವತಾರ?"

"ಸೆಖೆ ಆಗ್ತಿತ್ತು" ಅಂದು ಕೈಕಾಲು ತೊಳೆಯಲು ಹೋದರು.

ಸುಳ್ಳು ಹೇಳುವುದಕ್ಕೂ ಸ್ವಲ್ಪ ಯೋಗ್ಯತೆ ಬೇಕು.

ಸೆಪ್ಟೆಂಬರ್ 30, ಮಂಗಳವಾರ

ಗಡ್ಡದವನು ಬಂದ. ಕೈಯಲ್ಲಿ ಚೀಲ, ಒಳಗೆ ಅವನ ಅಲಗುಗಳೆಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತ.

"ಅಣ್ಣ ಎಲ್ಲಾ ಹೇಳಿದ್ರು ಅಕ್ಕ."

"ಏನು ಹೇಳಿದ್ರು?"

ಹೇಳಿದ. ನಿನ್ನೆ ಅಂಗಡಿ ತುಂಬ ಜನ ಇರುವಾಗ ಇವರು ಹೋಗಿ ನಿಂತರಂತೆ. "ದರ್ಜಿಗೆ ಗಾಯ ಆಗಿದ್ದು ನನ್ನಿಂದ. ಅವಳು ಆ ಮೆಷಿನ್ ಮುಟ್ಟೂ ಇಲ್ಲ" ಅಂದರಂತೆ. ಆಮೇಲೆ ಎಲ್ಲರ ಎದುರೇ ಅದೇ ಅಲಗನ್ನು ಬಿಚ್ಚಿ, ತುದಿ ನೋಡಿ, ಹಿಂದಕ್ಕೆ ಸರಿಸಿ ತಿರುಪು ಬಿಗಿದು, ಗಡ್ಡದವನ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತರಂತೆ. "ಬಾಚಣಿಗೆ ಗೀಚಣಿಗೆ ಹಾಕ್ಬೇಡ. ಬುಡಕ್ಕೆ ಓಡಿಸು. ಕಚ್ಚಿದ್ರೆ ನನ್ನ ತಲೆ ಕಚ್ಚಲಿ."

"ನಾನೇ ಹಿಂದೆ ಸರಿದೆ ಅಕ್ಕ. ಅಣ್ಣನ ಕೂದಲು ಅಂದ್ರೆ ಊರಿಗೇ ಗೊತ್ತಲ್ಲ. ಬೇಡ ಅಣ್ಣ, ಕೈ ಮೇಲೆ ಓಡಿಸಿ ನೋಡೋಣ ಅಂದೆ. ಕೇಳಲಿಲ್ಲ. ಕಣ್ಣು ಮುಚ್ಕೊಂಡು ಕೂತ್ರು. ಒಂದು ಗೀರು ಕೂಡ ಬೀಳಲಿಲ್ಲ. ದರ್ಜೀನೂ ಅಲ್ಲೇ ಇದ್ದ, ಅವನೇ ಬಂದು ತಲೆ ಸವರಿ ನೋಡಿದ."

ಅವನು ಹೋದ ಮೇಲೆ ಇವರನ್ನು ಹಿಡಿದು ಕೇಳಿದೆ. "ನನ್ನ ಮಾನ ಕಾಪಾಡೋಕೆ ಹೋಗಿ ನನ್ನನ್ನೇ ಸುಳ್ಳಿ ಮಾಡಿದ್ರಲ್ಲ? ಊರಿನ ಮುಂದೆ?"

"ನೀನು ಸುಳ್ಳು ಹೇಳಿದ್ದೆ ತಾನೆ."

"ಅದು ನನ್ನಿಷ್ಟ!"

"ಇದು ನನ್ನಿಷ್ಟ" ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಎದುರು ಮಾತಾಡಿದ್ದು ಇದೇ ಮೊದಲು ಇರಬೇಕು. ಕೂರಿ ಅಂದೆ. ಕೂತರು. ಎಡಗೈಯಿಂದ ತಲೆಯನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಸವರಿ ನೋಡಿದೆ. ಎಲ್ಲಿಯೂ ಗೆರೆಯಿಲ್ಲ, ಎಳೆದದ್ದಿಲ್ಲ. ಎಡಗಿವಿಯ ಹಿಂದೆ ಸ್ವಲ್ಪ ಉಳಿದಿತ್ತು. ಅದು ಗಡ್ಡದವನ ಕೈಯ ತಪ್ಪು, ಅಲಗಿನದಲ್ಲ. ಸರಿಯಾಗಿ ಪರೀಕ್ಷೆ ಮಾಡಲು ಇನ್ನೂ ಸ್ವಲ್ಪ ಹೊತ್ತು ಸವರಬೇಕಾಯಿತು.

ಅಕ್ಟೋಬರ್ 7, ಮಂಗಳವಾರ

ಕೆಲಸ ಕುತ್ತಿಗೆವರೆಗೆ. ದರ್ಜಿ ಕೂಡ ತನ್ನ ಕತ್ತರಿಗಳನ್ನು ತಂದು ಹಾಕಿದ್ದಾನೆ. ಕತ್ತರಿ ನಮ್ಮ ಕೆಲಸವಲ್ಲ ಎಂದು ನಾನು ಹೇಳುವಷ್ಟರಲ್ಲಿ ಇವರು "ನೋಡೋಣ" ಅಂದುಬಿಟ್ಟರು.

ನಾದಿನಿ ಬಂದು ಅಣ್ಣನ ತಲೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೇಜಿನ ಕಡೆ ನೋಡಿ, "ಅಪ್ಪ ಏನು ಹೇಳ್ತಿದ್ರು ನೆನಪಿದ್ಯಾ ಅತ್ತಿಗೆ? ಇವನ ಕೈಗೆ ಕಬ್ಬಿಣ ಕೊಟ್ರೆ" ಎಂದು ಶುರು ಮಾಡಿದಳು.

"ನಿಮ್ಮಪ್ಪ ಹೇಳಿದ್ದೆಲ್ಲಾ ಸರಿ ಅಂತ ಯಾರು ಹೇಳಿದ್ರು?" ಅಂದೆ. "ಟೀ ಕುಡಿದು ಹೊರಡು, ಇಲ್ಲಿ ಕೆಲಸ ಇದೆ."

ಮತ್ತೆ ಮುಖ ಊದಿತು. ಅವಳ ಮುಖಕ್ಕೆ ಅದೇ ಸರಿಹೊಂದುತ್ತದೆ.

ಅಕ್ಟೋಬರ್ 16, ಗುರುವಾರ

ಪ್ಲಾಸ್ಟರ್ ಬಿಚ್ಚಿದರು. ಒಳಗಿದ್ದದ್ದು ನನ್ನ ಕೈಯೇ ಎಂದು ನಂಬಲಾಗಲಿಲ್ಲ, ಒಣಗಿದ ಕಡ್ಡಿ. ಡಾಕ್ಟರು ನಿಧಾನವಾಗಿ ಕೆಲಸ ಶುರು ಮಾಡಬಹುದು ಅಂದರು. ನಿಧಾನವಾಗಿ ಎಂದರೆ ಏನು ಎಂದು ಕೇಳಿದರೆ, "ನಿಧಾನವಾಗಿ" ಅಂದರು. ದೊಡ್ಡ ವಿದ್ವಾಂಸರು.

ಮನೆಗೆ ಬಂದ ಮೇಲೆ ಇವರು ಮೇಜು ಒರೆಸಿದರು. ತಟ್ಟೆ ತೊಳೆದರು. ಪುಡಿ, ಎಣ್ಣೆ, ತಿರುಪುಳಿ ಎಲ್ಲವನ್ನೂ ನಾನು ಮೊದಲು ಇಡುತ್ತಿದ್ದ ಜಾಗದಲ್ಲೇ ಇಟ್ಟರು. "ತಗೋ, ನಿನ್ನ ಮೇಜು ನಿಂಗೆ" ಅಂದರು.

ಸರಿ ಅಂದೆ. ನನ್ನದೇ ತಾನೆ.

ಅಕ್ಟೋಬರ್ 17, ಶುಕ್ರವಾರ

ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಚೆನ್ನಾಗಿದೆ.

ಅಕ್ಟೋಬರ್ 22, ಬುಧವಾರ

ಇಷ್ಟು ದಿನದ ಮೇಲೆ ಇವತ್ತು ಕೈ ಪೂರ್ತಿ ಮಾತು ಕೇಳಿತು. ಬೆಳಿಗ್ಗೆಯಿಂದ ಒಬ್ಬಳೇ ಕೂತು ಗಡ್ಡದವನ ಅಲಗುಗಳನ್ನೆಲ್ಲ ಮುಗಿಸಿದೆ. ಗೀರು ಸಮ, ತುದಿ ಸರಿ, ಉಣ್ಣೆ ಬೆಣ್ಣೆಯ ಹಾಗೆ ತುಂಡಾಯಿತು. ನನ್ನ ಕೆಲಸ ನನ್ನ ಕೆಲಸವೇ.

ಬ್ರಿಜ್ ಪಕ್ಕದ ಮುದುಕ ಕಿಟಕಿಯಲ್ಲಿ ಇಣುಕಿ, "ಅಣ್ಣ ಇಲ್ವಾ?" ಅಂದ. ಇಲ್ಲ ಅಂದೆ. "ಆಮೇಲೆ ಬರ್ತೀನಿ ಬಿಡಿ" ಅಂದು ಹೋದ. ನಾಯಿ ಮೇಡಂ ಬಂದು ಅದನ್ನೇ ಕೇಳಿದಳು. ನಾನೇನು ಇಲ್ಲಿ ಗೊಂಬೆಯ ಹಾಗೆ ಕೂತಿದ್ದೇನೆಯೇ?

ಒಂದು ಅಲಗನ್ನು ಭೂತಗನ್ನಡಿಯಲ್ಲಿ ನೋಡಿ "ಈ ಮೂಲೆ ನೋಡಿ" ಅಂದೆ. ಕೋಣೆಯಲ್ಲಿ ಯಾರೂ ಇರಲಿಲ್ಲ.

ಮೆಷಿನ್ ನಿಲ್ಲಿಸಿ ಎಣ್ಣೆ ಮೆತ್ತಿದ ಏಪ್ರನ್‌ನಲ್ಲೇ ಹೊರಟೆ. ಪಾರ್ಕಿನ ಬೆಂಚಿನ ಮೇಲೆ ನಿವೃತ್ತರ ಸಭೆ ಸೇರಿತ್ತು. ನಾಲ್ಕೈದು ಮುದುಕರು ಲೋಕವನ್ನು ಉದ್ಧಾರ ಮಾಡುತ್ತ ಕೂತಿದ್ದರು. ಇವರು ತುದಿಯಲ್ಲಿ, ಮಾತಿಲ್ಲದೆ, ಅರ್ಧ ಬೆಳೆದ ಬೂದು ತಲೆಯೊಂದಿಗೆ.

"ಅಲ್ಲಿ ಕೆಲಸ ಬೆಟ್ಟದಷ್ಟು ಬಿದ್ದಿದೆ, ಇಲ್ಲಿ ಕೂತ್ಕೊಂಡು ಏನ್ ಮಾಡ್ತಿದ್ದೀರಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದೆ. "ದರ್ಜಿ ಕತ್ತರಿಗೆ ಒಪ್ಪಿಕೊಂಡಿದ್ದು ನಾನಾ ನೀವಾ? ಬಂದೋರೆಲ್ಲಾ ಅಣ್ಣ ಎಲ್ಲಿ ಅಣ್ಣ ಎಲ್ಲಿ ಅಂತ ನನ್ನ ತಲೆ ತಿಂತಿದ್ದಾರೆ. ನಾನೊಬ್ಬಳೇ ಎಷ್ಟಕ್ಕೆ ಅಂತ ಸಾಯಲಿ?"

ಮುದುಕರೆಲ್ಲ ತಲೆ ತಗ್ಗಿಸಿದರು, ತಮ್ಮ ತಮ್ಮ ಹೆಂಡತಿಯರು ನೆನಪಾದರೇನೋ. ಇವರು ನನ್ನ ಮಾತು ಮುಗಿಯುವಷ್ಟರಲ್ಲಿ ಎದ್ದು ನಿಂತಾಗಿತ್ತು.

ಮನೆ ತಲುಪುವವರೆಗೂ ಬೈಯುತ್ತಲೇ ಬಂದೆ. ಸೋಮಾರಿ ಅಂದೆ, ಹರಟೆಮಲ್ಲ ಅಂದೆ, ಎಣ್ಣೆ ಬಾಟಲಿಯ ಮುಚ್ಚಳ ಒಂದು ದಿನವೂ ಸರಿಯಾಗಿ ಮುಚ್ಚಲಿಲ್ಲ ಅಂದೆ. ಅವರು ಎಲ್ಲದಕ್ಕೂ ಹೂಂ ಹೂಂ ಅನ್ನುತ್ತ ಬಂದರು. ಎಷ್ಟು ಬೇಗ ನಡೆಯುತ್ತಿದ್ದರೆಂದರೆ, ಬೈಯಲು ನಾನು ಓಡಬೇಕಾಯಿತು.